ರಿಚ್ಮಂಡ್ ಶಾಸನಭವನದ ಲಫಾಯೆಟ್ ಪ್ರತಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್. ಅಲ್ಲಿನ ಹಳೆಯ ಶಾಸನಭವನದ ಗೋಡೆಯ ಗೂಡೊಂದರಲ್ಲಿ ಫ್ರೆಂಚ್ ಸೇನಾನಿ ಮಾರ್ಕ್ವಿಸ್ ದ ಲಫಾಯೆಟ್‌ನ ಎದೆಮಟ್ಟದ ಅಮೃತಶಿಲೆಯ ಪ್ರತಿಮೆಯಿದೆ. ಆ ಊರಿಗೆ ಹೋಗಿ ಬಂದವರು, ಹೋಗಲು ಹೊರಟವರು, ಚಿತ್ರವನ್ನಷ್ಟೇ ಕಂಡು ಕುತೂಹಲಗೊಂಡವರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಮೊದಲ ಪ್ರಶ್ನೆಗಳು ಪರಿಚಯಕ್ಕೆ ಸಂಬಂಧಿಸಿದವು, ಕೊನೆಯವು ಇತಿಹಾಸವನ್ನು ಇನ್ನಷ್ಟು ಕೆದಕುವವು. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಇದು ಯಾರ ಪ್ರತಿಮೆ? ಕಟ್ಟಡದೊಳಗೆ ನಿಖರವಾಗಿ ಎಲ್ಲಿದೆ?

ಲಫಾಯೆಟ್ 1757ರ ಸೆಪ್ಟೆಂಬರ್ 6ರಂದು ಫ್ರಾನ್ಸಿನ ಓವರ್ನ್ ಸೀಮೆಯಲ್ಲಿ, ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದವನು. ಹತ್ತೊಂಬತ್ತರ ವಯಸ್ಸಿನಲ್ಲಿ, 1777ರಲ್ಲಿ, ಬ್ರಿಟನ್ನಿನ ವಿರುದ್ಧ ಹೋರಾಡುತ್ತಿದ್ದ ಅಮೆರಿಕದ ವಸಾಹತುಗಳ ಪರವಾಗಿ ಯುದ್ಧಕ್ಕಿಳಿಯಲು ಅಟ್ಲಾಂಟಿಕ್ ಸಾಗರ ದಾಟಿದನು. ಅದೇ ವರ್ಷ ಬ್ರ್ಯಾಂಡಿವೈನ್ ಕದನದಲ್ಲಿ ಕಾಲಿಗೆ ಗುಂಡೇಟು ತಿಂದನು. ಜಾರ್ಜ್ ವಾಷಿಂಗ್ಟನ್ ಅವನನ್ನು ಮಗನಂತೆ ಕಂಡನು.

ಶಾಸನಭವನದ ನಡುವೆ ರೋಟಂಡಾ ಎಂದು ಕರೆಯುವ ಗುಮ್ಮಟದ ಸಭಾಂಗಣವಿದೆ. ಅದರ ಮಧ್ಯದಲ್ಲಿ ವಾಷಿಂಗ್ಟನ್‌ನ ಆಳೆತ್ತರದ ಅಮೃತಶಿಲೆಯ ಪ್ರತಿಮೆ ನಿಂತಿದ್ದು, ಸುತ್ತಲಿನ ಗೋಡೆಯಲ್ಲಿ ಎಂಟು ಗೂಡುಗಳಿವೆ. ವರ್ಜೀನಿಯಾದಲ್ಲಿ ಹುಟ್ಟಿ ಅಧ್ಯಕ್ಷರಾದ ಎಂಟು ಮಂದಿಯಲ್ಲಿ ವಾಷಿಂಗ್ಟನ್‌ನನ್ನು ಬಿಟ್ಟು ಉಳಿದ ಏಳು ಮಂದಿ ಏಳು ಗೂಡುಗಳಲ್ಲಿದ್ದಾರೆ. ಎಂಟನೆಯದು ಲಫಾಯೆಟ್‌ಗೆ ಸೇರಿದ್ದು. ಆ ಸಾಲಿನಲ್ಲಿ ಅಧ್ಯಕ್ಷನಾಗದವನು, ವರ್ಜೀನಿಯಾದ ಮಣ್ಣಿನಲ್ಲಿ ಹುಟ್ಟದವನು ಅವನೊಬ್ಬನೇ. ಬಹುತೇಕ ಸಂದರ್ಶಕರು ವಾಷಿಂಗ್ಟನ್‌ನ ಎದುರು ಫೋಟೊ ತೆಗೆಸಿಕೊಂಡು ಗೂಡುಗಳ ಕಡೆಗೆ ಒಮ್ಮೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬಾರದೆಂದು ಹೇಳುವುದಕ್ಕೇ ಈ ಬರಹ.

ಒಬ್ಬ ಫ್ರೆಂಚನ ಪ್ರತಿಮೆಯನ್ನು ವರ್ಜೀನಿಯಾದವರು ಯಾಕೆ ಮಾಡಿಸಿದರು?

ನೇರವಾದ ಕಾರಣ 1781ರ ಯುದ್ಧ. ಆ ವರ್ಷ ಬ್ರಿಟಿಷ್ ಸೇನೆ ವರ್ಜೀನಿಯಾದೊಳಕ್ಕೆ ನುಗ್ಗಿ ಊರುಗಳನ್ನೂ ಉಗ್ರಾಣಗಳನ್ನೂ ಸುಡುತ್ತಿದ್ದಾಗ, ರಾಜ್ಯವನ್ನು ಕಾಯಲು ವಾಷಿಂಗ್ಟನ್ ಕಳುಹಿಸಿದ್ದು ಇಪ್ಪತ್ತಮೂರು ವರ್ಷದ ಈ ತರುಣನನ್ನು. ಏಪ್ರಿಲ್ 29ರಂದು ಅವನ ಪಡೆ ರಿಚ್ಮಂಡ್ ತಲುಪಿದ್ದರಿಂದಲೇ ನದಿಯ ಆಚೆ ದಡಕ್ಕೆ ಬಂದು ನಿಂತ ಬ್ರಿಟಿಷರು ಊರಿಗೆ ಕೈಹಾಕದೆ ಹಿಂದಿರುಗಿದರು. ಆಮೇಲೆ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಸೇನೆ ಬಂದಾಗ ಲಫಾಯೆಟ್ ಎದುರಾಬದುರು ಕದನಕ್ಕೆ ಸಿಗದೆ, ಹಾಗೆಂದು ಬೆನ್ನನ್ನೂ ಬಿಡದೆ, ತಿಂಗಳುಗಟ್ಟಲೆ ಅದರ ನೆರಳಿನಂತೆ ಓಡಾಡಿದನು. ಕೊನೆಗೆ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಸುತ್ತುವರಿಯಲ್ಪಟ್ಟು ಅಕ್ಟೋಬರ್ 19ರಂದು ಶರಣಾದನು.

ಇದಾಗಿ ಎರಡು ತಿಂಗಳೂ ತುಂಬುವ ಮೊದಲೇ, 1781ರ ಡಿಸೆಂಬರ್ 17ರಂದು, ವರ್ಜೀನಿಯಾದ ಶಾಸನಸಭೆ ಲಫಾಯೆಟ್‌ನ ಪ್ರತಿಮೆಯನ್ನು ಉತ್ತಮ ಅಮೃತಶಿಲೆಯಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿಸಿ ಅವನಿಗೆ ಉಡುಗೊರೆಯಾಗಿ ಕೊಡಬೇಕೆಂದು ನಿರ್ಣಯಿಸಿತು. ಯುದ್ಧದಿಂದ ಬರಿದಾಗಿದ್ದ ಖಜಾನೆಯ ರಾಜ್ಯವೊಂದು ಇಂಥ ನಿರ್ಣಯ ಮಾಡಿತೆಂಬುದನ್ನು ಗಮನಿಸಬೇಕು. ಕೃತಜ್ಞತೆಗೆ ಕೊರತೆಯಿರಲಿಲ್ಲ, ಹಣಕ್ಕಿತ್ತು. ಕೆಲಸ ಕೈಗೂಡಲು ಮುಂದೆ ಹಲವು ವರ್ಷಗಳೇ ಹಿಡಿದವು.

ಸತ್ತ ಮೇಲೆ ತಾನೇ ಪ್ರತಿಮೆ ಮಾಡಿಸುವುದು? ಬದುಕಿದ್ದವನಿಗೆ, ಅದೂ ಅಷ್ಟು ಚಿಕ್ಕ ವಯಸ್ಸಿನವನಿಗೆ ಹೇಗೆ ಮಾಡಿಸಿದರು?

ನಿರ್ಣಯವಾದಾಗ ಲಫಾಯೆಟ್‌ಗೆ ಇಪ್ಪತ್ತನಾಲ್ಕು ವರ್ಷ. ಅವನು ತೀರಿಕೊಂಡಿದ್ದು 1834ರ ಮೇ 20ರಂದು, ಅಂದರೆ ಐವತ್ತೆರಡು ವರ್ಷಗಳಿಗೂ ಹೆಚ್ಚು ಕಾಲದ ನಂತರ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಬರಹಗಾರರು, ನಟರು, ವಿಜ್ಞಾನಿಗಳು ಬದುಕಿರುವಾಗಲೇ ತಮ್ಮ ಎದೆಮಟ್ಟದ ಪ್ರತಿಮೆ ಮಾಡಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಆದರೆ ಸಾರ್ವಜನಿಕ ಕಟ್ಟಡದಲ್ಲಿ ಬದುಕಿರುವ ಪ್ರಜೆಯೊಬ್ಬನ ಪ್ರತಿಮೆ ಇಡುವುದು ಬೇರೆಯದೇ ವಿಷಯ. ರಾಜನಿಗೆ ಸಲ್ಲಬೇಕಾದ ಗೌರವವನ್ನು ಪ್ರಜೆಗೆ ಸಲ್ಲಿಸಿದಂತೆ ಅದು ಕಾಣುತ್ತಿತ್ತು. ಆದ್ದರಿಂದಲೇ, ಇದಕ್ಕೆ ಜೋಡಿಯಾಗಿ ಪ್ಯಾರಿಸ್ ನಗರಕ್ಕೆಂದು ಮಾಡಿಸಿದ ಇನ್ನೊಂದು ಪ್ರತಿಮೆಯನ್ನು ಅಲ್ಲಿ ಇಡುವ ಮೊದಲು ರಾಜ 16ನೆಯ ಲೂಯಿಯ ಒಪ್ಪಿಗೆ ಪಡೆಯಬೇಕಾಯಿತು. ಹೊಸದಾಗಿ ಹುಟ್ಟಿದ ಗಣರಾಜ್ಯದ ಶಾಸನಸಭೆಗೆ ಆ ಅಳುಕು ಇರಲಿಲ್ಲ.

ಭಾರತದಿಂದ ಹೋದವರು ಒಳಗೆ ಹೋಗಿ ನೋಡಬಹುದೇ? ಟಿಕೆಟ್ ಇದೆಯೇ?

ನೋಡಬಹುದು, ಪ್ರವೇಶ ಉಚಿತ. ಇದು ಇಂದಿಗೂ ಶಾಸನಸಭೆ ಸೇರುವ ಕಟ್ಟಡವಾದ್ದರಿಂದ ಬಾಗಿಲಿನಲ್ಲಿ ತಪಾಸಣೆಯಿರುತ್ತದೆ, ಅಧಿವೇಶನದ ದಿನಗಳಲ್ಲಿ ಗದ್ದಲ ಹೆಚ್ಚಿರುತ್ತದೆ. 2007ರಲ್ಲಿ ತೆರೆದ ನೆಲದಡಿಯ ವಿಸ್ತರಣೆಯ ಮೂಲಕ, ಬ್ಯಾಂಕ್ ಸ್ಟ್ರೀಟ್ ಕಡೆಯಿಂದ ಸಂದರ್ಶಕರು ಒಳಗೆ ಬರುತ್ತಾರೆ. ವಾಷಿಂಗ್ಟನ್ ನಗರದಿಂದ ರಿಚ್ಮಂಡ್ ಸುಮಾರು 170 ಕಿಲೋಮೀಟರ್. ಅಲ್ಲಿ ಮಕ್ಕಳ ಮನೆಗೆ ಹೋಗಿರುವ ತಂದೆತಾಯಿಯರು ಬೆಳಿಗ್ಗೆ ಹೊರಟರೆ ನಿಧಾನವಾಗಿ ನೋಡಿಕೊಂಡು ಸಂಜೆಗೆ ಮರಳಬಹುದು.

## ಶಿಲ್ಪಿ ಮತ್ತು ಕೆತ್ತನೆ

ಕೆತ್ತಿದವನು ಯಾರು? ಅವನನ್ನೇ ಯಾಕೆ ಆರಿಸಿದರು?

ಕೆತ್ತಿದವನು ಝಾನ್-ಆಂತ್ವಾನ್ ಊದೋನ್. 1741ರಲ್ಲಿ ವರ್ಸೈಲ್ಸ್‌ನಲ್ಲಿ ಹುಟ್ಟಿ 1828ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡವನು. ಇಪ್ಪತ್ತರ ವಯಸ್ಸಿನಲ್ಲೇ ರೋಮ್ ಬಹುಮಾನ ಗೆದ್ದು, ಇಟಲಿಗೆ ಹೋಗಿ ಪುರಾತನ ಶಿಲ್ಪಗಳನ್ನೂ ಮನುಷ್ಯ ದೇಹದ ಅಂಗರಚನೆಯನ್ನೂ ಅಭ್ಯಾಸ ಮಾಡಿದನು. ಚರ್ಮ ಸುಲಿದ ದೇಹದ ಸ್ನಾಯುಗಳನ್ನು ತೋರಿಸುವ, 1767ರಲ್ಲಿ ಅವನು ಮಾಡಿದ ಮಾದರಿಯನ್ನು ಕಲಾಶಾಲೆಗಳು ಬಹುಕಾಲ ಪಾಠಕ್ಕೆ ಬಳಸಿದವು. ವೋಲ್ಟೇರ್, ರೂಸೋ, ಬೆಂಜಮಿನ್ ಫ್ರ್ಯಾಂಕ್ಲಿನ್ ಇವರ ಮುಖ ಇಂದು ನಮ್ಮ ಕಣ್ಣ ಮುಂದೆ ಬರುವುದಿದ್ದರೆ ಅದು ಬಹುಮಟ್ಟಿಗೆ ಊದೋನ್ ಕೊಟ್ಟ ಮುಖವೇ.

ವರ್ಜೀನಿಯಾದ ಪರವಾಗಿ ಅವನನ್ನು ಒಪ್ಪಿಸಿದ್ದು ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್. ವಾಷಿಂಗ್ಟನ್‌ನ ಆಳೆತ್ತರದ ಪ್ರತಿಮೆಯ ಕೆಲಸವನ್ನೂ ಅದೇ ಕಾಲದಲ್ಲಿ ಊದೋನ್‌ಗೆ ವಹಿಸಲಾಯಿತು. ರೋಟಂಡಾದಲ್ಲಿ ಇವೆರಡು ಒಂದೇ ಕೈಯ ಕೆಲಸ, ಉಳಿದವು ಬೇರೆಯವರವು. ಒಂದು ಸುತ್ತು ಹಾಕಿ ಎಂಟೂ ಮುಖಗಳನ್ನು ಸಾಲಾಗಿ ನೋಡಿದರೆ ಈ ವ್ಯತ್ಯಾಸ ಯಾರೂ ಹೇಳದೆಯೇ ಗೊತ್ತಾಗುತ್ತದೆ: ಬೇರೆ ಪ್ರತಿಮೆಗಳು ಗಣ್ಯರನ್ನು ತೋರಿಸುತ್ತವೆ, ಊದೋನ್‌ನದು ಒಬ್ಬ ಮನುಷ್ಯನನ್ನು ತೋರಿಸುತ್ತದೆ. ಹಣೆ ಹಿಂದಕ್ಕೆ ಜಾರಿದೆ, ಮೂಗು ಉದ್ದ. ಲಫಾಯೆಟ್ ಸುಂದರನಲ್ಲವೆಂದು ಅವನ ಕಾಲದವರೇ ಬರೆದಿದ್ದಾರೆ, ಶಿಲ್ಪಿ ಅದನ್ನು ತಿದ್ದಲು ಹೋಗಿಲ್ಲ.

ಬದುಕಿರುವವರ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆಯುತ್ತಿದ್ದರಂತೆ, ನಿಜವೇ? ಉಸಿರು ಕಟ್ಟುವುದಿಲ್ಲವೇ?

ನಿಜ. ಎಲ್ಲರಿಗೂ ಹಾಗೆ ಮಾಡುತ್ತಿರಲಿಲ್ಲ, ಆದರೆ ಹೋಲಿಕೆ ಕರಾರುವಾಕ್ಕಾಗಿ ಬರಬೇಕೆಂದಾಗ ಊದೋನ್ ಈ ವಿಧಾನವನ್ನು ಬಳಸಿದನು. ವ್ಯಕ್ತಿಯನ್ನು ಅಂಗಾತ ಮಲಗಿಸಿ, ಮುಖಕ್ಕೆ ಜಿಡ್ಡು ಸವರಿ, ಮೂಗಿನ ಹೊಳ್ಳೆಗಳಿಗೆ ಗರಿಯ ಕೊಳವೆಗಳನ್ನು ಸಿಕ್ಕಿಸಿ, ಕಣ್ಣು ಮುಚ್ಚಿಸಿ ತೆಳುವಾಗಿ ಪ್ಲಾಸ್ಟರ್ ಹಚ್ಚುತ್ತಿದ್ದರು. ಅದು ಗಟ್ಟಿಯಾಗುವವರೆಗೆ ಅಲುಗಾಡುವಂತಿರಲಿಲ್ಲ. ಬಿಡಿಸಿ ತೆಗೆದ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದರೆ ಮುಖದ ಪ್ರತಿ ಸಿಗುತ್ತಿತ್ತು. ಲಫಾಯೆಟ್‌ನ ಇಂಥ ಮುಖದಚ್ಚು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಈ ಕೆಲಸ ನೋಡುವವರಿಗೆ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ವಾಷಿಂಗ್ಟನ್‌ನ ಮನೆಯಿಂದಲೇ ಒಂದು ಸಾಕ್ಷಿಯಿದೆ. ಊದೋನ್ ಮೂವರು ಸಹಾಯಕರೊಂದಿಗೆ ಸಮುದ್ರ ದಾಟಿ 1785ರ ಅಕ್ಟೋಬರ್ 2ರಂದು ಮೌಂಟ್ ವರ್ನನ್ ತಲುಪಿ, ಎರಡು ವಾರ ಅಲ್ಲಿದ್ದನು. ಆಗ ಆರು ವರ್ಷದವಳಾಗಿದ್ದ ನೆಲ್ಲಿ ಕಸ್ಟಿಸ್, ವಾಷಿಂಗ್ಟನ್ ದಂಪತಿಗಳು ಸಾಕಿದ ಮೊಮ್ಮಗಳು, ಕೋಣೆಯೊಂದರ ಬಾಗಿಲು ದಾಟುವಾಗ ಒಳಗೆ ಇಣುಕಿದಳು. ದೊಡ್ಡ ಮೇಜಿನ ಮೇಲೆ ಬಿಳಿಯ ಬಟ್ಟೆ ಹೊದಿಸಿ ತಾತನನ್ನು ಮಲಗಿಸಿದ್ದರು, ಮುಖಕ್ಕೆ ಏನನ್ನೋ ಬಳಿಯುತ್ತಿದ್ದರು. ತಾತ ತೀರಿಕೊಂಡನೆಂದೇ ತಾನು ಹೆದರಿದ್ದಾಗಿ ಅವಳು ವೃದ್ಧಾಪ್ಯದಲ್ಲಿಯೂ ನೆನೆದಳು.

ಮುಖದಚ್ಚು ಮೂಳೆಯ ಅಳತೆಯನ್ನಷ್ಟೇ ಕೊಡುತ್ತದೆ. ಪ್ಲಾಸ್ಟರಿನ ಭಾರಕ್ಕೆ ಕೆನ್ನೆ ಇಳಿದಿರುತ್ತದೆ, ಕಣ್ಣು ಮುಚ್ಚಿರುತ್ತದೆ, ತುಟಿ ಬಿಗಿದಿರುತ್ತದೆ. ಅದನ್ನು ಎದುರಿಗಿಟ್ಟುಕೊಂಡು, ವ್ಯಕ್ತಿ ಮಾತನಾಡುವಾಗ ಕಂಡದ್ದನ್ನು ಸೇರಿಸಿ ಜೇಡಿಮಣ್ಣಿನಲ್ಲಿ ಹೊಸದಾಗಿ ರೂಪಿಸುವುದು ಶಿಲ್ಪಿಯ ಕೆಲಸ. ಅಚ್ಚಿದ್ದರೆ ಯಾರು ಬೇಕಾದರೂ ಮಾಡಬಹುದು ಎಂಬ ಮಾತನ್ನು ಆಗಾಗ ಕೇಳುತ್ತೇನೆ. ಅಚ್ಚನ್ನೂ ಪ್ರತಿಮೆಯನ್ನೂ ಒಟ್ಟಿಗೆ ನೋಡಿದವರು ಹಾಗೆ ಹೇಳಲಾರರು.

ಇಡೀ ಕಲ್ಲನ್ನು ಶಿಲ್ಪಿ ತಾನೇ ಕೆತ್ತುತ್ತಿದ್ದನೇ?

ಇಲ್ಲ, ಆ ಕಾಲದ ಯಾವ ದೊಡ್ಡ ಕಾರ್ಯಶಾಲೆಯಲ್ಲಿಯೂ ಹಾಗಿರಲಿಲ್ಲ. ಮೊದಲು ಜೇಡಿಮಣ್ಣಿನ ಮಾದರಿ, ಅದರಿಂದ ಪ್ಲಾಸ್ಟರಿನ ಪ್ರತಿ. ಆ ಪ್ರತಿಯ ಮೇಲೆ ಮೂಗಿನ ತುದಿ, ಗಲ್ಲ, ಹುಬ್ಬು, ಕಿವಿ ಹೀಗೆ ಅನೇಕ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದು ಬಿಂದುವಿನ ಆಳ ಮತ್ತು ದೂರವನ್ನು ಅಳೆದು ಕಲ್ಲಿಗೆ ವರ್ಗಾಯಿಸುತ್ತಿದ್ದರು. ಕಲ್ಲಿನಲ್ಲಿ ಆ ಆಳದವರೆಗೆ ರಂಧ್ರ ಕೊರೆದು, ನಡುವಿನ ಕಲ್ಲನ್ನು ಉಳಿಯಿಂದ ತೆಗೆಯುವುದು ನುರಿತ ಸಹಾಯಕರ ಪಾಲು. ಮುಖದ ಮೇಲ್ಮೈಗೆ ಕೆಲವೇ ಕೂದಲೆಳೆಯಷ್ಟು ಕಲ್ಲು ಉಳಿದಾಗ ಶಿಲ್ಪಿ ಕೈಹಾಕುತ್ತಿದ್ದನು. ಕಣ್ಣು, ಬಾಯಿಯ ಮೂಲೆ, ಚರ್ಮದ ನಯ, ಕೂದಲಿನ ಸುರುಳಿ ಇವೆಲ್ಲ ಆ ಕೊನೆಯ ಹಂತದಲ್ಲಿ ಹುಟ್ಟುವಂಥವು.

ಕಣ್ಣುಗಳು ನಿಜವಾಗಿ ನಮ್ಮನ್ನೇ ನೋಡಿದಂತೆ ಹೊಳೆಯುತ್ತವಲ್ಲ, ಕಲ್ಲಿನಲ್ಲಿ ಅದು ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ, ಕೇಳಬೇಕಾದದ್ದೇ. ಬಣ್ಣವಿಲ್ಲದ ಬಿಳಿಯ ಕಲ್ಲಿನಲ್ಲಿ ಕಣ್ಣುಗುಡ್ಡೆಯನ್ನು ದುಂಡಗೆ ಹಾಗೆಯೇ ಬಿಟ್ಟರೆ ಮುಖ ಕುರುಡಾಗಿ ಕಾಣುತ್ತದೆ. ಗೆರೆ ಕೊರೆದು ಪಾಪೆಯನ್ನು ಗುರುತಿಸಿದರೆ ನೋಟ ಬರುತ್ತದೆ, ಆದರೆ ಜೀವ ಬರುವುದಿಲ್ಲ. ಊದೋನ್ ಮಾಡಿದ್ದು ಹೀಗೆ: ಕಣ್ಣಿನ ಕರಿಯ ಭಾಗವನ್ನು ಬಟ್ಟಲಿನಂತೆ ಒಳಕ್ಕೆ ಕೊರೆದನು, ಅದರ ನಡುವೆ ಪಾಪೆಯನ್ನು ಇನ್ನೂ ಆಳಕ್ಕಿಳಿಸಿದನು. ಆದರೆ ಆ ಗುಳಿಯ ಮೇಲಂಚಿನಲ್ಲಿ ಕಲ್ಲಿನ ಒಂದು ಪುಟ್ಟ ತುಣುಕನ್ನು ಕೊರೆಯದೆ, ಗುಳಿಯ ಮೇಲೆ ಚಾಚಿಕೊಂಡಿರುವಂತೆ ಬಿಟ್ಟನು.

ಗುಳಿಯೊಳಗೆ ನೆರಳು ತುಂಬಿ ಕಣ್ಣು ಕಪ್ಪಾಗಿ ಕಾಣುತ್ತದೆ. ಚಾಚಿದ ತುಣುಕು ಮಾತ್ರ ಬೆಳಕನ್ನು ಹಿಡಿದು ಬಿಳಿಯ ಚುಕ್ಕೆಯಾಗಿ ನಿಲ್ಲುತ್ತದೆ. ಎದುರಿಗಿರುವವರ ತೇವವಾದ ಕಣ್ಣಿನಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿದಾಗ ನಾವು ಕಾಣುವುದು ಇದೇ ಚುಕ್ಕೆಯನ್ನು. ನೋಡುವವರು ಒಂದೆರಡು ಹೆಜ್ಜೆ ಸರಿದರೆ ನೆರಳೂ ಚುಕ್ಕೆಯೂ ತಮ್ಮ ಸಂಬಂಧ ಬದಲಿಸುತ್ತವೆ, ಆದ್ದರಿಂದ ನೋಟ ನಮ್ಮ ಜೊತೆ ಚಲಿಸಿದಂತೆ ತೋರುತ್ತದೆ. ಆ ತುಣುಕು ಎಷ್ಟು ಸಣ್ಣದೆಂದರೆ ಉಳಿಯ ಒಂದು ತಪ್ಪು ಏಟಿಗೆ ಹಾರಿಹೋಗುವಂಥದ್ದು, ಹೋದರೆ ಮರಳಿ ಅಂಟಿಸುವಂತಿಲ್ಲ. ಪ್ರತಿಮೆಯ ಎದುರು ನಿಂತಾಗ ಮೊದಲು ಪಕ್ಕದಿಂದ, ಕಣ್ಣಿನ ಮಟ್ಟಕ್ಕೆ ತಲೆಯೆತ್ತಿ ಗುಳಿಯನ್ನು ನೋಡಿ, ಆಮೇಲೆ ಎದುರಿಗೆ ಬನ್ನಿ. ಪಕ್ಕದಿಂದ ಬರಿಯ ತೂತಾಗಿ ಕಂಡದ್ದು ಎದುರಿನಿಂದ ನೋಟವಾಗುವುದನ್ನು ಕಣ್ಣಾರೆ ಕಾಣಬಹುದು.

ಕಂಚಿನಲ್ಲಿ ಎರಕ ಹೊಯ್ಯಬಹುದಿತ್ತಲ್ಲವೇ? ಅಮೃತಶಿಲೆಯೇ ಯಾಕೆ?

ಶಾಸನಸಭೆಯ ನಿರ್ಣಯದಲ್ಲೇ ಅಮೃತಶಿಲೆಯೆಂದಿತ್ತು. ರೋಮನ್ನರ ಕಾಲದಿಂದ ನಾಗರಿಕ ಗೌರವಕ್ಕೆ ಬಳಸಿದ ಕಲ್ಲು ಅದು, ಹೊಸ ಗಣರಾಜ್ಯಕ್ಕೆ ರೋಮಿನ ಆದರ್ಶ ಕಣ್ಣ ಮುಂದಿತ್ತು. ಇಟಲಿಯ ಕರಾರಾದಲ್ಲಿ ಸಿಗುವ, ಸಣ್ಣ ಕಣದ ಬಿಳಿಯ ಶಿಲೆಯೊಳಕ್ಕೆ ಬೆಳಕು ತುಸು ಇಳಿದು ಮರಳುವುದರಿಂದ ಅದು ಚರ್ಮದ ಹಾಗೆ ಮೃದುವಾಗಿ ತೋರುತ್ತದೆ. ಕಂಚು ಬೆಳಕನ್ನು ಮೇಲ್ಮೈಯಿಂದಲೇ ಹಿಂದಿರುಗಿಸುತ್ತದೆ.

ಮುಟ್ಟಬಾರದೆಂದು ಯಾಕೆ ಅಷ್ಟು ಹೇಳುತ್ತಾರೆ? ಕಲ್ಲಲ್ಲವೇ?

ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ವರ್ಗದ ಕಲ್ಲು, ಮತ್ತು ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಬೆವರಿನ ಹುಳಿ ಮೇಲ್ಮೈಯನ್ನು ನಿಧಾನವಾಗಿ ತಿನ್ನುತ್ತದೆ, ಚರ್ಮದ ಜಿಡ್ಡು ರಂಧ್ರಗಳಿಗಿಳಿದು ಧೂಳನ್ನು ಹಿಡಿದಿಟ್ಟುಕೊಂಡು ಹಳದಿಯ ಕಲೆಯಾಗುತ್ತದೆ. ಒಬ್ಬರ ಸ್ಪರ್ಶದಿಂದ ಏನೂ ಆಗದು. ಲಕ್ಷಾಂತರ ಸಂದರ್ಶಕರ ಪೈಕಿ ಪ್ರತಿಯೊಬ್ಬರೂ ಒಮ್ಮೆ ಮುಟ್ಟಿದರೆ ಮೂಗಿನ ತುದಿಯೇ ಸವೆಯುತ್ತದೆ. ಸಂರಕ್ಷಕರು ಇಂಥ ಪ್ರತಿಮೆಗಳನ್ನು ಮೃದುವಾದ ಕುಂಚದಿಂದ ಧೂಳು ತೆಗೆದು ಶುಚಿ ಮಾಡುತ್ತಾರೆ. ಮನೆಯಲ್ಲಿ ಅಮೃತಶಿಲೆಯ ವಿಗ್ರಹವಿರುವವರು ನಿಂಬೆರಸ, ಹುಣಸೆಹಣ್ಣು, ವಿನೆಗರ್ ಇವನ್ನು ಅದರ ಹತ್ತಿರ ತರಬಾರದು. ಹಿತ್ತಾಳೆಗೆ ಹೊಳಪು ಕೊಡುವ ಹುಳಿಯೇ ಈ ಕಲ್ಲಿನ ಹೊಳಪನ್ನು ಕೀಳುತ್ತದೆ.

## ಜೋಡಿ ಪ್ರತಿಮೆಗಳು, ಬೇರೆ ಬೇರೆ ಗತಿ

ಇದರ ಜೋಡಿ ಪ್ಯಾರಿಸ್ಸಿನಲ್ಲಿತ್ತು ಎನ್ನುತ್ತಾರೆ. ಅದು ಅಲ್ಲಿಗೆ ಹೋದದ್ದು ಹೇಗೆ?

ಮೊದಲ ನಿರ್ಣಯದ ಪ್ರಕಾರ ಪ್ರತಿಮೆ ಲಫಾಯೆಟ್‌ನ ಕೈಸೇರಬೇಕಿತ್ತು. 1784ರಲ್ಲಿ ಅವನು ಅಮೆರಿಕಕ್ಕೆ ಮತ್ತೆ ಭೇಟಿ ಕೊಟ್ಟ ಸಮಯದಲ್ಲಿ, ಡಿಸೆಂಬರ್ 1ರಂದು, ಶಾಸನಸಭೆ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. ಒಂದು ಪ್ರತಿಮೆಯನ್ನು ಪ್ಯಾರಿಸ್ ನಗರಕ್ಕೆ ಅರ್ಪಿಸುವುದು, ಅಂಥದೇ ಇನ್ನೊಂದನ್ನು ವರ್ಜೀನಿಯಾದ ರಾಜಧಾನಿಯಲ್ಲಿ ಇಡುವುದು ಎಂದು ತೀರ್ಮಾನವಾಯಿತು.

ಪ್ಯಾರಿಸ್ಸಿನ ಸಮಾರಂಭ 1786ರ ಸೆಪ್ಟೆಂಬರ್ 28ರಂದು ಅಲ್ಲಿನ ಪುರಭವನವಾದ ಓತೆಲ್ ದ ವೀಲ್‌ನಲ್ಲಿ ನಡೆಯಿತು. ಎಲ್ಲ ಏರ್ಪಾಟನ್ನೂ ಮಾಡಿದ್ದ ಜೆಫರ್ಸನ್ ಮಾತ್ರ ಬರಲಾಗಲಿಲ್ಲ. ಹತ್ತು ದಿನಗಳ ಹಿಂದಷ್ಟೇ ಅವನ ಬಲ ಮಣಿಕಟ್ಟು ಉಳುಕಿತ್ತು. ಅವನ ಕಾರ್ಯದರ್ಶಿ ವಿಲಿಯಂ ಶಾರ್ಟ್ ಜೆಫರ್ಸನ್‌ನ ಪತ್ರವನ್ನು ಒಪ್ಪಿಸಿದನು. ನಗರದ ಪರವಾಗಿ ಮಾತನಾಡಿದ ಎತಿ ದ ಕೊರ್ನಿ ಸ್ವತಃ ಅಮೆರಿಕದ ಯುದ್ಧದಲ್ಲಿ ಫ್ರೆಂಚ್ ಸೇನೆಯ ಸರಬರಾಜು ನೋಡಿಕೊಂಡಿದ್ದವನು. ಅಟ್ಲಾಂಟಿಕ್‌ನ ಆಚೆಗಿನ ಒಂದು ಗಣರಾಜ್ಯ, ರಾಜನ ಆಳ್ವಿಕೆಯ ನಗರವೊಂದಕ್ಕೆ ಆ ರಾಜನದೇ ಪ್ರಜೆಯ ಪ್ರತಿಮೆಯನ್ನು ಕೊಟ್ಟಿತು. ಇನ್ನು ಮೂರು ವರ್ಷಗಳಲ್ಲಿ ಅದೇ ನಗರ ಬಸ್ತೀಲ್ ಕೋಟೆಯನ್ನು ಕೆಡವುವುದಿತ್ತು.

ಹಾಗಾದರೆ ಆ ಪ್ರತಿಮೆಯನ್ನು ಒಡೆದುಹಾಕಿದವರು ಯಾರು? ಯಾಕೆ?

1789ರಲ್ಲಿ ಕ್ರಾಂತಿ ಆರಂಭವಾದಾಗ ಲಫಾಯೆಟ್ ಪ್ಯಾರಿಸ್ಸಿನ ರಾಷ್ಟ್ರೀಯ ರಕ್ಷಣಾ ಪಡೆಯ ದಂಡನಾಯಕನಾದನು, ಜನ ಅವನನ್ನು ತಲೆಯ ಮೇಲೆ ಹೊತ್ತುಕೊಂಡರು. ಅವನಿಗೆ ಬೇಕಿದ್ದದ್ದು ಸಂವಿಧಾನಕ್ಕೆ ಬದ್ಧನಾದ ರಾಜ. ಕ್ರಾಂತಿ ಅಲ್ಲಿಗೆ ನಿಲ್ಲಲಿಲ್ಲ. 1791ರ ಜುಲೈ 17ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ರಾಜನನ್ನು ಇಳಿಸಬೇಕೆಂದು ಮನವಿಗೆ ಸಹಿ ಹಾಕಲು ಸೇರಿದ್ದ ಜನರ ಮೇಲೆ ಅವನ ಪಡೆ ಗುಂಡು ಹಾರಿಸಿತು. ಆ ದಿನದ ನಂತರ ಅವನ ಹೆಸರಿಗೆ ಅಂಟಿದ ರಕ್ತ ಹೋಗಲಿಲ್ಲ.

1792ರ ಆಗಸ್ಟ್ 10ರಂದು ಜನ ಅರಮನೆಗೆ ನುಗ್ಗಿ ರಾಜಪ್ರಭುತ್ವ ಉರುಳಿತು. ಪುರಭವನವನ್ನು ವಶಪಡಿಸಿಕೊಂಡ ಹೊಸ ಕ್ರಾಂತಿಕಾರಿ ನಗರಸಭೆ ತನ್ನ ಸಭಾಂಗಣದಲ್ಲಿದ್ದ ರಾಜ ಲೂಯಿ, ಹಿಂದಿನ ಮೇಯರ್ ಝಾನ್-ಸಿಲ್ವ್ಯಾಂ ಬಾಯಿ, ಮಂತ್ರಿ ನೆಕ್ಕರ್, ಮತ್ತು ಲಫಾಯೆಟ್ ಇವರ ಪ್ರತಿಮೆಗಳನ್ನು ಕೆಡವಿಸಿತು. ಒಂಬತ್ತು ದಿನಗಳ ನಂತರ ಲಫಾಯೆಟ್ ಗಡಿ ದಾಟಿ ಓಡಿದನು, ಆಸ್ಟ್ರಿಯನ್ನರ ಕೈಗೆ ಸಿಕ್ಕಿ ಐದು ವರ್ಷ ಸೆರೆಯಲ್ಲಿದ್ದನು. ಊದೋನ್‌ನ ಕಲ್ಲಿನ ಕೆಲಸ ಆರು ವರ್ಷವೂ ಬಾಳಲಿಲ್ಲ. ಆ ಕಟ್ಟಡವೂ ಉಳಿಯಲಿಲ್ಲ: 1871ರಲ್ಲಿ ಸುಟ್ಟುಹೋಯಿತು, ಇಂದು ಪ್ರವಾಸಿಗರು ನೋಡುವುದು ಆಮೇಲೆ ಕಟ್ಟಿದ್ದನ್ನು.

ರಿಚ್ಮಂಡ್‌ನಲ್ಲಿರುವುದು ಹೇಗೆ ಉಳಿಯಿತು? ಅಲ್ಲಿಯೂ ಯುದ್ಧ ನಡೆಯಿತಲ್ಲ?

ನಡೆಯಿತು, ಅಪಾಯವೂ ಹತ್ತಿರ ಬಂದಿತ್ತು. ಈ ಕಟ್ಟಡವನ್ನು ಜೆಫರ್ಸನ್, ಫ್ರೆಂಚ್ ವಾಸ್ತುಶಿಲ್ಪಿ ಕ್ಲೆರಿಸ್ಸೋನ ನೆರವಿನಿಂದ, ಫ್ರಾನ್ಸಿನ ನೀಮ್ ನಗರದಲ್ಲಿರುವ ಮೇಸೋನ್ ಕಾರೆ ಎಂಬ ರೋಮನ್ ದೇಗುಲದ ಮಾದರಿಯಲ್ಲಿ ರೂಪಿಸಿದನು. 1785ರಲ್ಲಿ ಅಡಿಗಲ್ಲು ಬಿತ್ತು, 1788ರಲ್ಲಿ ಶಾಸನಸಭೆ ಒಳಗೆ ಸೇರಿತು. 1861ರಿಂದ 1865ರವರೆಗೆ, ಅಂತರ್ಯುದ್ಧದ ಕಾಲದಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದ ಒಕ್ಕೂಟದ ಸಂಸತ್ತು ಇಲ್ಲಿಯೇ ಸೇರುತ್ತಿತ್ತು. 1865ರ ಏಪ್ರಿಲ್‌ನಲ್ಲಿ ಒಕ್ಕೂಟದ ಸೇನೆ ಊರು ಬಿಡುವಾಗ ಹಚ್ಚಿದ ಬೆಂಕಿ ವ್ಯಾಪಾರದ ಬೀದಿಗಳನ್ನೆಲ್ಲ ನುಂಗಿತು, ಗುಡ್ಡದ ಮೇಲಿನ ಶಾಸನಭವನವನ್ನು ಮುಟ್ಟಲಿಲ್ಲ. 1870ರ ಏಪ್ರಿಲ್ 27ರಂದು ಕಿಕ್ಕಿರಿದ ನ್ಯಾಯಾಲಯದ ಕೋಣೆಯ ನೆಲ ಕುಸಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕಟ್ಟಡವನ್ನೇ ಕೆಡವಬೇಕೆಂಬ ಕೂಗೆದ್ದರೂ ಅದು ಉಳಿದುಕೊಂಡಿತು.

## ಇನ್ನೂ ಆಳಕ್ಕೆ

ಲಫಾಯೆಟ್‌ನ ಗೂಢಚಾರನೊಬ್ಬ ಗುಲಾಮನಾಗಿದ್ದನಂತೆ. ಅವನ ಕಥೆಗೂ ಈ ಪ್ರತಿಮೆಗೂ ಏನು ಸಂಬಂಧ?

ಸಂಬಂಧವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಪ್ರತಿಮೆಯನ್ನು ಆ ಕಥೆಯಿಲ್ಲದೆ ನೋಡಬಾರದು. ವರ್ಜೀನಿಯಾದ ನ್ಯೂ ಕೆಂಟ್ ಪ್ರಾಂತ್ಯದಲ್ಲಿ ವಿಲಿಯಂ ಆರ್ಮಿಸ್ಟೆಡ್ ಎಂಬ ಯಜಮಾನನ ಕೈಕೆಳಗೆ ಜೇಮ್ಸ್ ಎಂಬ ಕಪ್ಪು ಜನಾಂಗದ ಗುಲಾಮನಿದ್ದನು. 1781ರಲ್ಲಿ ಯಜಮಾನನ ಅನುಮತಿ ಪಡೆದು ಅವನು ಲಫಾಯೆಟ್‌ನ ಸೇವೆಗೆ ಸೇರಿದನು. ಓಡಿಬಂದ ಗುಲಾಮನಂತೆ ನಟಿಸಿ ಬ್ರಿಟಿಷ್ ಪಾಳೆಯದೊಳಗೆ ಹೋದನು, ಕಾರ್ನ್‌ವಾಲಿಸ್‌ನ ಅಧಿಕಾರಿಗಳ ಮೇಜಿನ ಬಳಿ ಕೆಲಸ ಮಾಡುತ್ತ ಕೇಳಿದ್ದನ್ನೆಲ್ಲ ಹೊರಗೆ ದಾಟಿಸಿದನು. ಬ್ರಿಟಿಷರು ಅವನನ್ನು ತಮ್ಮ ಗೂಢಚಾರನೆಂದೇ ನಂಬಿದ್ದರು.

ಯುದ್ಧ ಗೆದ್ದ ಮೇಲೆ ಲಫಾಯೆಟ್‌ಗೆ ಪ್ರತಿಮೆಯ ನಿರ್ಣಯ ಸಿಕ್ಕಿತು. ಜೇಮ್ಸ್ ಯಜಮಾನನ ಮನೆಗೆ, ಗುಲಾಮಗಿರಿಗೆ ಮರಳಿದನು. 1783ರಲ್ಲಿ ವರ್ಜೀನಿಯಾ ಮಾಡಿದ ಕಾನೂನು ಯಜಮಾನರ ಬದಲಿಗೆ ಸೈನಿಕರಾಗಿ ದುಡಿದ ಗುಲಾಮರಿಗೆ ಬಿಡುಗಡೆ ಕೊಟ್ಟಿತು. ಬಂದೂಕು ಹಿಡಿಯದೆ ಪ್ರಾಣವನ್ನು ಪಣಕ್ಕಿಟ್ಟ ಗೂಢಚಾರನು ಅದರ ವ್ಯಾಪ್ತಿಗೆ ಬರಲಿಲ್ಲ.

ಇಲ್ಲಿ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1784ರ ನವೆಂಬರ್ 21ರಂದು ಲಫಾಯೆಟ್ ರಿಚ್ಮಂಡ್‌ನಲ್ಲಿ ಕುಳಿತು, ಜೇಮ್ಸ್ ತಂದ ಸುದ್ದಿಗಳು ಅಮೂಲ್ಯವಾಗಿದ್ದವೆಂದೂ ಅವನು ತನ್ನ ಸ್ಥಿತಿಯಲ್ಲಿ ಕೊಡಬಹುದಾದ ಎಲ್ಲ ಪುರಸ್ಕಾರಕ್ಕೂ ಅರ್ಹನೆಂದೂ ಸ್ವಹಸ್ತದಿಂದ ಪ್ರಮಾಣಪತ್ರ ಬರೆದುಕೊಟ್ಟನು. ಹತ್ತು ದಿನಗಳ ನಂತರ, ಡಿಸೆಂಬರ್ 1ರಂದು, ಅದೇ ಊರಿನ ಶಾಸನಸಭೆ ಆ ಪ್ರಮಾಣಪತ್ರ ಬರೆದವನಿಗೆ ಎರಡನೆಯ ಪ್ರತಿಮೆಯನ್ನು ಮಂಜೂರು ಮಾಡಿತು. ಪ್ರಮಾಣಪತ್ರ ಹಿಡಿದವನಿಗೆ ಬಿಡುಗಡೆ ಸಿಕ್ಕಿದ್ದು 1787ರ ಜನವರಿಯಲ್ಲಿ, ಅದೂ ಅರ್ಜಿ ಹಾಕಿ ಕಾದ ಮೇಲೆ. ಯಜಮಾನನಿಗೆ ಬೆಲೆ ಕಟ್ಟಿಕೊಟ್ಟು ಬಿಡಿಸಬೇಕಾಯಿತು. ಸ್ವತಂತ್ರನಾದ ಜೇಮ್ಸ್ ತನ್ನ ಹೆಸರಿಗೆ ಲಫಾಯೆಟ್ ಎಂದು ಸೇರಿಸಿಕೊಂಡನು.

1824ರ ಅಕ್ಟೋಬರ್‌ನಲ್ಲಿ ವೃದ್ಧ ಲಫಾಯೆಟ್ ದೇಶದ ಅತಿಥಿಯಾಗಿ ರಿಚ್ಮಂಡ್‌ಗೆ ಬಂದಾಗ, ಜನಜಂಗುಳಿಯಲ್ಲಿ ಜೇಮ್ಸ್‌ನನ್ನು ಗುರುತಿಸಿ ಅಪ್ಪಿಕೊಂಡನೆಂದು ಆಗಿನ ವರದಿಗಳು ಹೇಳುತ್ತವೆ. ಜೇಮ್ಸ್‌ನ ಅಮೃತಶಿಲೆಯ ಪ್ರತಿಮೆಯನ್ನು ಯಾರೂ ಮಾಡಿಸಲಿಲ್ಲ. ಆದರೆ ಸರಿಸುಮಾರು ಆ ಭೇಟಿಯ ಕಾಲದಲ್ಲಿ ಜಾನ್ ಮಾರ್ಟಿನ್ ಎಂಬ ಚಿತ್ರಕಾರನು ಬರೆದ ಅವನ ಭಾವಚಿತ್ರ ಶಾಸನಭವನಕ್ಕೆ ಹತ್ತಿರದಲ್ಲೇ ಇರುವ ವ್ಯಾಲೆಂಟೈನ್ ಸಂಗ್ರಹಾಲಯದ ಬಳಿಯಿದೆ. ಸೇನೆಯ ನೀಲಿ ಕೋಟು ತೊಟ್ಟ ಆ ಮುಖದಲ್ಲಿ ದೈನ್ಯವಿಲ್ಲ. ಪ್ರತಿಮೆಯನ್ನು ನೋಡಲು 170 ಕಿಲೋಮೀಟರ್ ಹೋದವರು ಆ ಚಿತ್ರವನ್ನೂ ವಿಚಾರಿಸಿ ನೋಡಬೇಕು.

2020ರಲ್ಲಿ ಈ ಕಟ್ಟಡದಿಂದ ಹಲವು ಪ್ರತಿಮೆಗಳನ್ನು ತೆಗೆದರಲ್ಲ, ಇದನ್ನು ಯಾಕೆ ಬಿಟ್ಟರು?

2020ರ ಜುಲೈನಲ್ಲಿ ಶಾಸನಭವನದ ಹಳೆಯ ಸಭಾಂಗಣದಿಂದ ದಕ್ಷಿಣದ ಒಕ್ಕೂಟದ ದಂಡನಾಯಕ ರಾಬರ್ಟ್ ಲೀ ಪ್ರತಿಮೆಯನ್ನೂ ಒಕ್ಕೂಟದ ಇತರ ನಾಯಕರ ಎದೆಮಟ್ಟದ ಪ್ರತಿಮೆಗಳನ್ನೂ ತೆಗೆದರು. ಅವರು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದವರು. ಲಫಾಯೆಟ್ ಆ ಸಾಲಿಗೆ ಸೇರುವುದಿಲ್ಲ. ಗುಲಾಮರನ್ನು ಸ್ವತಂತ್ರ ಒಕ್ಕಲುಗಳಾಗಿ ನೆಲೆಗೊಳಿಸುವ ಪ್ರಯೋಗಕ್ಕೆ ಕೈಜೋಡಿಸಬೇಕೆಂದು ಅವನು 1783ರಲ್ಲೇ ವಾಷಿಂಗ್ಟನ್‌ಗೆ ಬರೆದನು. ವಾಷಿಂಗ್ಟನ್ ಮೆಚ್ಚಿದನು, ಮುಂದುವರಿಯಲಿಲ್ಲ. ಲಫಾಯೆಟ್ ತಾನೇ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ತೋಟ ಕೊಂಡು ಪ್ರಯೋಗ ಆರಂಭಿಸಿದನು. ಅದಕ್ಕಾಗಿ ಗುಲಾಮರನ್ನೂ ತೋಟದ ಜೊತೆ ಕೊಂಡಿದ್ದನೆಂಬುದನ್ನು ಮರೆಯಬಾರದು. ಕ್ರಾಂತಿಯಲ್ಲಿ ಅವನ ಆಸ್ತಿ ಜಪ್ತಿಯಾದಾಗ ಆ ಯೋಜನೆ ಮುರಿದುಬಿತ್ತು. ರೋಟಂಡಾದಲ್ಲಿ ಅವನ ಸುತ್ತಲಿರುವ ವರ್ಜೀನಿಯಾದ ಅಧ್ಯಕ್ಷರಲ್ಲಿ ಹೆಚ್ಚಿನವರು ಗುಲಾಮರ ಒಡೆಯರಾಗಿದ್ದರು ಎಂಬ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ. ಅದು ನ್ಯಾಯವಾದ ಪ್ರಶ್ನೆ, ಇನ್ನೂ ಚರ್ಚೆಯಲ್ಲಿರುವಂಥದ್ದು.

ನಮ್ಮ ಮೈಸೂರಿಗೂ ಈ ಕಥೆಗೂ ಏನಾದರೂ ನಂಟಿದೆಯೇ?

ಪ್ರತಿಮೆಗೆ ನೇರ ನಂಟಿಲ್ಲ. ಆದರೆ ಪ್ರತಿಮೆಗೆ ಕಾರಣವಾದ ಯುದ್ಧ, ಮತ್ತು ಹೈದರ್ ಅಲಿ ಅದೇ ವರ್ಷಗಳಲ್ಲಿ ಬ್ರಿಟಿಷರ ವಿರುದ್ಧ ನಡೆಸಿದ ಎರಡನೆಯ ಮೈಸೂರು ಯುದ್ಧ, ಇವೆರಡರಲ್ಲೂ ಫ್ರಾನ್ಸ್ ಬ್ರಿಟನ್ನಿನ ಎದುರಾಳಿಯಾಗಿತ್ತು. ಅಮೆರಿಕದವರಿಗೆ ಇದರ ಅರಿವಿತ್ತು: ಪೆನ್ಸಿಲ್ವೇನಿಯಾ ರಾಜ್ಯದ ಯುದ್ಧನೌಕೆಯೊಂದಕ್ಕೆ ಹೈದರ್ ಅಲಿ ಎಂದು ಹೆಸರಿಟ್ಟಿದ್ದರು, ಅದು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಟಿಪ್ಪು ಸುಲ್ತಾನನ ರಾಯಭಾರಿಗಳನ್ನು 16ನೆಯ ಲೂಯಿ ವರ್ಸೈಲ್ಸ್ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಆಗ ಜೆಫರ್ಸನ್ ಪ್ಯಾರಿಸ್ಸಿನಲ್ಲೇ ಇದ್ದನು, ಲಫಾಯೆಟ್‌ನ ಪ್ರತಿಮೆ ಅಲ್ಲಿನ ಪುರಭವನದಲ್ಲಿತ್ತು. ಸರಿಯಾಗಿ ನಾಲ್ಕು ವರ್ಷಗಳ ನಂತರದ ಅದೇ ತಾರೀಖಿನಂದು ಆ ರಾಜನ ಸಿಂಹಾಸನವೂ ಉರುಳಿತು, ಆ ಪ್ರತಿಮೆಯೂ ಉರುಳಿತು.

ಹೆಚ್ಚು ಗಟ್ಟಿಯಾದ ಕೊಂಡಿ ಕಾರ್ನ್‌ವಾಲಿಸ್. ವರ್ಜೀನಿಯಾದಲ್ಲಿ ಸೋತವನು ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದನು. ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಅವನ ಇಬ್ಬರು ಮಕ್ಕಳನ್ನೂ ಪಡೆದನು. ಅವನ ಅಮೃತಶಿಲೆಯ ಪ್ರತಿಮೆ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಸಂಗ್ರಹಾಲಯದಲ್ಲಿದೆ. ಥಾಮಸ್ ಬ್ಯಾಂಕ್ಸ್ ಎಂಬ ಇಂಗ್ಲಿಷ್ ಶಿಲ್ಪಿಯ ಕೆಲಸ. ಅದರ ಪೀಠದ ಮೇಲೆ ಟಿಪ್ಪುವಿನ ಮಕ್ಕಳನ್ನು ಒಪ್ಪಿಸುವ ದೃಶ್ಯವನ್ನೇ ಕೆತ್ತಲಾಗಿದೆ. ರಿಚ್ಮಂಡ್ ದೂರವೆನಿಸುವವರು ಚೆನ್ನೈಗೆ ಹೋದಾಗ ಇದನ್ನು ನೋಡಿದರೆ, ಅದೇ ಯುಗದ ಇನ್ನೊಂದು ಕೃತಜ್ಞತೆಯ ಕಲ್ಲನ್ನು ನೋಡಿದಂತಾಗುತ್ತದೆ. ಇಲ್ಲಿ ಆ ಕೃತಜ್ಞತೆ ಗೆದ್ದ ಕಂಪನಿಯದು.

ಚಿತ್ರಗಳಲ್ಲಿ ನೋಡುವ ಊದೋನ್‌ನ ಲಫಾಯೆಟ್ ಒಂದೊಂದು ಕಡೆ ಒಂದೊಂದು ಥರ ಇದ್ದಾನೆ. ಯಾವುದು ಅಸಲು?

ಬೇರೆ ಬೇರೆ ಕಾಲದಲ್ಲಿ ಊದೋನ್ ಮಾಡಿದ ಬೇರೆ ಬೇರೆ ಪ್ರತಿಮೆಗಳಿವೆ, ಅವುಗಳ ಪ್ಲಾಸ್ಟರ್ ಪ್ರತಿಗಳೂ ಇವೆ. ರಿಚ್ಮಂಡ್‌ನದು ಅಮೆರಿಕದ ಯುದ್ಧದ ನೆನಪಿಗಾಗಿ ಮಾಡಿದ್ದು. ವರ್ಸೈಲ್ಸ್ ಅರಮನೆಯ ಸಂಗ್ರಹದಲ್ಲಿರುವ 1790ರ ಅಮೃತಶಿಲೆಯ ಪ್ರತಿಮೆಯಲ್ಲಿ ಅವನು ಪ್ಯಾರಿಸ್ಸಿನ ರಾಷ್ಟ್ರೀಯ ರಕ್ಷಣಾ ಪಡೆಯ ಸಮವಸ್ತ್ರದಲ್ಲಿದ್ದಾನೆ. ಎರಡೂ ಅಸಲೇ. ಚಿತ್ರದ ಕೆಳಗೆ ವರ್ಷ ಮತ್ತು ಸ್ಥಳ ಬರೆಯದಿದ್ದರೆ ಮೊದಲು ಉಡುಪನ್ನು ಗಮನಿಸಿ, ಆಮೇಲೆ ಹಿನ್ನೆಲೆಯನ್ನು. ಅರ್ಧಚಂದ್ರಾಕಾರದ ತಲೆಯುಳ್ಳ ಗೋಡೆಯ ಗೂಡಿನೊಳಗೆ ಪ್ರತಿಮೆ ಇದ್ದರೆ ಅದು ಬಹುಮಟ್ಟಿಗೆ ರಿಚ್ಮಂಡ್‌ನದೇ.